ಕ್ಯಾಜುವಲ್ಟಿಗೆ ಹೊಸದಾಗಿ ಸೇರುವ ನರ್ಸ್‌ಗಳಿಗೆ: ಮೊದಲ ಮೂರು ತಿಂಗಳು

"ಕ್ಯಾಜುವಲ್ಟಿಗೆ ಹಾಕಿದ್ದಾರೆ. ಓರಿಯೆಂಟೇಶನ್ ಎಷ್ಟು ದಿನ ಇರುತ್ತೆ? ಒಬ್ಬರೇ ಯಾವಾಗ ನಿಲ್ಲಬೇಕಾಗುತ್ತೆ?" ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಕಲಬುರಗಿ, ಬೀದರ್, ಯಾದಗಿರಿ ಕಡೆ ಕೆಲಸಕ್ಕೆ ಸೇರುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿದ್ದೇನೆ.

ದಿನಗಳ ಲೆಕ್ಕ ಆಸ್ಪತ್ರೆಗೊಂದು ಥರ. ಕೆಲವು ಕಡೆ ಮೂರು ದಿನ ವಾರ್ಡ್ ಸುತ್ತಿಸಿ ಮುಗಿಸುತ್ತಾರೆ, ಕೆಲವು ಕಡೆ ಒಂದು ತಿಂಗಳು ಕೊಡುತ್ತಾರೆ. ಅಮೆರಿಕದಂಥ ಕಡೆ ಹೊಸಬರಿಗೆ ಮೂರರಿಂದ ಆರು ತಿಂಗಳ ತರಬೇತಿ ಸಾಮಾನ್ಯ. ನಮ್ಮಲ್ಲಿ ಅಷ್ಟು ಸಿಗುವುದು ಕಷ್ಟ. ಅದಕ್ಕೇ ನಾನು ಹೇಳುವುದು, ದಿನ ಎಣಿಸಬೇಡಿ, ಕೆಲಸ ಎಣಿಸಿ. ಯಾವ ಕೆಲಸ ನಿಮ್ಮ ಕೈಗೆ ಬಂದಿದೆ, ಯಾವುದು ಬಂದಿಲ್ಲ ಅನ್ನುವುದು ಕಾಗದದ ಮೇಲೆ ಇದ್ದರೆ ಮಾತ್ರ ಒಬ್ಬರೇ ನಿಲ್ಲುವ ದಿನ ಬಂದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಮೊದಲು ಮೂರು ಮಾತು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇಲ್ಲೇ ಜಾಸ್ತಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಪ್ರೊಬೇಶನ್ ಅಂದರೆ ನೌಕರಿ ಕಾಯಂ ಆಗುವವರೆಗಿನ ಅವಧಿ. ಅದು ಎಚ್‌ಆರ್‌ನವರ ಲೆಕ್ಕ. ಓರಿಯೆಂಟೇಶನ್ ಅಂದರೆ ಕೆಲಸ ಕಲಿಯಲು ಕೊಟ್ಟ ಸಮಯ. ಪ್ರಿಸೆಪ್ಟರ್ ಅಂದರೆ ಆ ಸಮಯದಲ್ಲಿ ನಿಮ್ಮ ಜೊತೆಗೇ ಇದ್ದು ಕಲಿಸುವ ಹಿರಿಯ ನರ್ಸ್. ನಿಮಗೆ ನಿಜವಾಗಿ ಓರಿಯೆಂಟೇಶನ್ ಸಿಕ್ಕಿದೆಯಾ ಅಂತ ತಿಳಿಯಬೇಕಾದರೆ ಡ್ಯೂಟಿ ಲಿಸ್ಟ್ ನೋಡಿ. ಆ ಶಿಫ್ಟ್‌ಗೆ ಬೇಕಾದ ನರ್ಸ್‌ಗಳ ಲೆಕ್ಕದಲ್ಲಿ ನಿಮ್ಮ ಹೆಸರೂ ಸೇರಿದ್ದರೆ ನಿಮಗೆ ಓರಿಯೆಂಟೇಶನ್ ಇಲ್ಲ, ಬಾಯಿಮಾತಿಗೆ ಏನೇ ಹೇಳಿದರೂ ಸರಿ. ಲೆಕ್ಕದ ಹೊರಗೆ ಹೆಚ್ಚುವರಿಯಾಗಿ ಇದ್ದರೆ ಮಾತ್ರ ಅದು ಓರಿಯೆಂಟೇಶನ್.

1. ಸೇರುವ ಮೊದಲು

ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಕೈಯಲ್ಲಿ ಇರಲಿ. ಪಕ್ಕದ ತೆಲಂಗಾಣ, ಮಹಾರಾಷ್ಟ್ರದಲ್ಲಿ ಓದಿ ಬಂದವರು ಇಲ್ಲಿನ ಪರಿಷತ್ತಿಗೆ ನೋಂದಣಿ ಬದಲಾಯಿಸಿಕೊಳ್ಳುವ ಕೆಲಸವನ್ನು ಮುಂದೂಡಬೇಡಿ.

ಹೆಪಟೈಟಿಸ್-ಬಿ ಲಸಿಕೆ 0, 1, 6ನೇ ತಿಂಗಳಿಗೆ ಮೂರು ಡೋಸ್. ಓದುವಾಗಲೇ ಹಾಕಿಸಿಕೊಂಡಿದ್ದರೂ ರಕ್ತದಲ್ಲಿ ರಕ್ಷಣೆ ಬಂದಿದೆಯಾ ಅಂತ ಒಮ್ಮೆ ಟೈಟರ್ ಪರೀಕ್ಷೆ ಮಾಡಿಸಿ. 10ಕ್ಕಿಂತ ಕಡಿಮೆ ಬಂದರೆ ಡಾಕ್ಟರಿಗೆ ತೋರಿಸಿ. ಬಿಎಲ್‌ಎಸ್ ಅಂದರೆ ಉಸಿರು, ಹೃದಯ ನಿಂತವರಿಗೆ ಕೊಡುವ ಮೊದಲ ಹಂತದ ನೆರವಿನ ತರಬೇತಿ. ಅದನ್ನು ಸೇರುವ ಮೊದಲೇ ಮಾಡಿದರೆ ಒಳ್ಳೆಯದು.

ಇಂಟರ್‌ವ್ಯೂನಲ್ಲಿ ಸಂಬಳದ ಮಾತಿನ ಜೊತೆ ಇದನ್ನೂ ಕೇಳಿ: ಎಷ್ಟು ವಾರ ಲೆಕ್ಕದ ಹೊರಗೆ ಇಡುತ್ತೀರಿ? ಪ್ರಿಸೆಪ್ಟರ್ ಯಾರು? ಆ ಅವಧಿಯಲ್ಲಿ ನೈಟ್ ಡ್ಯೂಟಿ ಇದೆಯಾ? ಕಲಿತದ್ದಕ್ಕೆ ಸಹಿ ಹಾಕುವ ಪಟ್ಟಿ ಇದೆಯಾ? ಹೀಗೆ ಕೇಳಿದರೆ ಕೆಲಸ ಕೊಡಲ್ಲ ಅಂತ ಹೆದರುವವರಿದ್ದಾರೆ. ಒಳ್ಳೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಈ ಪ್ರಶ್ನೆ ಕೇಳಿ ಖುಷಿಪಡುತ್ತಾರೆ.

ಎಚ್ಚರಿಕೆ: ಮೂಲ ಅಂಕಪಟ್ಟಿ, ಮೂಲ ಸರ್ಟಿಫಿಕೇಟ್ ಕೊಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಕೊಡಿ. ಬಿಟ್ಟು ಹೋಗುವಾಗ ಅವು ವಾಪಸ್ ಸಿಗದೆ ಒದ್ದಾಡುವವರು ಕಡಿಮೆ ಇಲ್ಲ.

2. ಮೊದಲ ವಾರ: ರೋಗಿಗಿಂತ ಮೊದಲು ಜಾಗ

ಮೊದಲ ವಾರವೇ ಇಂಜೆಕ್ಷನ್ ಟ್ರೇ ಹಿಡಿದು ಓಡಬೇಡಿ. ಏನು ಎಲ್ಲಿದೆ ಅನ್ನುವುದು ಮೊದಲು ತಲೆಗೆ ಹೋಗಲಿ.

ಕ್ರ್ಯಾಶ್ ಕಾರ್ಟ್ ಅಂದರೆ ಹೃದಯ ನಿಂತಾಗ ಬೇಕಾಗುವ ಔಷಧಿ, ಟ್ಯೂಬ್‌ಗಳ ಗಾಡಿ. ಅದನ್ನು ದಿನಕ್ಕೊಮ್ಮೆ ನೀವೇ ಚೆಕ್ ಮಾಡಿ. ಅಡ್ರಿನಲಿನ್ ಯಾವ ಡ್ರಾಯರ್, ಲಾರಿಂಗೋಸ್ಕೋಪಿನ (ಗಂಟಲೊಳಗೆ ನೋಡಿ ಟ್ಯೂಬ್ ಹಾಕುವ ಉಪಕರಣ) ಬಲ್ಬ್ ಹತ್ತುತ್ತದೆಯಾ, ಆಂಬು ಬ್ಯಾಗಿಗೆ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಮಾಸ್ಕ್ ಇದೆಯಾ, ದೊಡ್ಡವರದು, ಮಕ್ಕಳದು ಎರಡೂ ಇವೆಯಾ ನೋಡಿ. ಡೀಫಿಬ್ರಿಲೇಟರ್ ಅಂದರೆ ಶಾಕ್ ಕೊಡುವ ಯಂತ್ರ. ಅದರ ಚಾರ್ಜ್ ಪರೀಕ್ಷೆ ಹೇಗೆ ಮಾಡುವುದು ಅಂತ ಕಲಿಯಿರಿ. ಸಕ್ಷನ್, ಅಂದರೆ ಬಾಯಿ, ಗಂಟಲಿನ ಕಫ ಎಳೆಯುವ ಯಂತ್ರ, ಆನ್ ಮಾಡಿ ಕೊಳವೆಯನ್ನು ಬೆರಳಿಗೆ ಹಿಡಿದು ಎಳೆತ ಬರುತ್ತಿದೆಯಾ ನೋಡಿ. ಆಕ್ಸಿಜನ್ ಸಿಲಿಂಡರಿನ ಕೀ ಎಲ್ಲಿ ನೇತುಹಾಕಿದ್ದಾರೆ? ಇದು ಚಿಕ್ಕ ವಿಷಯ ಅನಿಸಬಹುದು. ಕೀ ಸಿಗದೆ ರೋಗಿ ಟ್ರಾಲಿ ಮೇಲೆ ಕಾಯುವಾಗ ಚಿಕ್ಕದು ಅನಿಸುವುದಿಲ್ಲ.

ಎಚ್ಚರಿಕೆ: ಹಗಲು ತೆರೆದಿರುವ ಕಪಾಟು ರಾತ್ರಿ ಬೀಗ ಹಾಕಿರಬಹುದು. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್, ಅಟ್ರೋಪಿನ್, ಟಿಟಿ, ರೇಬಿಸ್ ಲಸಿಕೆ ಇವುಗಳ ಕೀ ರಾತ್ರಿ 2 ಗಂಟೆಗೆ ಯಾರ ಹತ್ತಿರ ಇರುತ್ತದೆ ಅಂತ ಇವತ್ತೇ ಕೇಳಿಟ್ಟುಕೊಳ್ಳಿ.

3. ಎರಡರಿಂದ ಆರನೇ ವಾರ: ಪ್ರಿಸೆಪ್ಟರ್ ಜೊತೆ

ಒಂದು ಬೆಡ್ಡಿನಿಂದ ಶುರು ಮಾಡಿ. ಅದು ಸಲೀಸಾದ ಮೇಲೆ ಎರಡು. ಪ್ರತಿ ರೋಗಿಯನ್ನೂ ಒಂದೇ ಕ್ರಮದಲ್ಲಿ ನೋಡುವುದು ಅಭ್ಯಾಸವಾಗಲಿ: ಉಸಿರಿನ ದಾರಿ ತೆರೆದಿದೆಯಾ, ಉಸಿರಾಟ ಹೇಗಿದೆ, ರಕ್ತ ಸಂಚಾರ ಹೇಗಿದೆ, ಎಚ್ಚರ ಎಷ್ಟಿದೆ, ಬಟ್ಟೆ ಸರಿಸಿ ನೋಡಿದರೆ ಇನ್ನೇನು ಕಾಣುತ್ತದೆ. ಇಂಗ್ಲಿಷಿನ ಎ, ಬಿ, ಸಿ, ಡಿ, ಇ ಅಂತ ಓದುವಾಗ ಕಲಿತದ್ದು ಇದೇ. ಇಲ್ಲಿ ಬದಲಾಗುವುದು ಒಂದೇ, ರೋಗಿಯ ಕಡೆಯ ಹತ್ತು ಜನ ಸುತ್ತ ಕೂಗುತ್ತಿರುವಾಗಲೂ ಕ್ರಮ ತಪ್ಪಬಾರದು.

ಕೆಲವು ಕೆಲಸ ಮೊದಲ ತಿಂಗಳಲ್ಲೇ ಕೈಗೆ ಬರಬೇಕು. ಎದೆನೋವು ಅಂತ ಬಂದವರಿಗೆ 10 ನಿಮಿಷದೊಳಗೆ ಇಸಿಜಿ ತೆಗೆದು ಡಾಕ್ಟರ ಕೈಗೆ ಕೊಡಬೇಕು. ತೆಗೆದು ಫೈಲಿನಲ್ಲಿ ಇಟ್ಟರೆ ತೆಗೆದ ಹಾಗಲ್ಲ. ಯಾರಿಗೇ ಎಚ್ಚರ ತಪ್ಪಿದ್ದರೂ ಜಿಆರ್‌ಬಿಎಸ್, ಅಂದರೆ ಬೆರಳು ಚುಚ್ಚಿ ನೋಡುವ ಸಕ್ಕರೆ ಪರೀಕ್ಷೆ, ಮೊದಲು. ಕುಡಿದು ಬಿದ್ದಿದ್ದಾನೆ ಅಂತ ಮೂಲೆಗೆ ಮಲಗಿಸಿದವರಲ್ಲಿ ಸಕ್ಕರೆ ಇಳಿದವರೂ ಇರುತ್ತಾರೆ. ಸಿಪಿಆರ್ ಮಾಡುವಾಗ ಎದೆ ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ದೊಡ್ಡವರಲ್ಲಿ ಆಳ 5ರಿಂದ 6 ಸೆಂಟಿಮೀಟರ್. ಎರಡು ನಿಮಿಷಕ್ಕೆ ಕೈ ಬದಲಿಸಿ.

ಡಾಕ್ಟರ್ ಬಾಯಲ್ಲಿ ಹೇಳಿದ ಆರ್ಡರನ್ನು ವಾಪಸ್ ಜೋರಾಗಿ ಹೇಳಿ: "ಅಡ್ರಿನಲಿನ್ ಒಂದು ಮಿಲಿಗ್ರಾಂ ಐವಿ, ಕೊಡ್ತಿದ್ದೀನಿ ಸರ್." ಕೊಟ್ಟ ಸಮಯ ಆಗಲೇ ಬರೆಯಿರಿ. ಪೊಟ್ಯಾಸಿಯಂ ಕ್ಲೋರೈಡ್, ಇನ್ಸುಲಿನ್, ಹೆಪಾರಿನ್, ನಾರ್‌ಅಡ್ರಿನಲಿನ್ ಇವನ್ನು ಇಬ್ಬರು ನೋಡದೆ ಕೊಡಬೇಡಿ. ಪೊಟ್ಯಾಸಿಯಂ ಅನ್ನು ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಯಾವತ್ತೂ ಕೊಡಬಾರದು, ಹೃದಯ ನಿಲ್ಲುತ್ತದೆ. ಎಷ್ಟೇ ಅವಸರ ಇರಲಿ, ಯಾರೇ ಕೂಗಾಡಲಿ.

ಟ್ರಯಾಜ್ ವಿಷಯ. ಟ್ರಯಾಜ್ ಅಂದರೆ ಬಂದವರಲ್ಲಿ ಯಾರನ್ನು ಮೊದಲು ನೋಡಬೇಕು ಅಂತ ಬಾಗಿಲಲ್ಲೇ ತೀರ್ಮಾನಿಸುವುದು. ಕೆಂಪು ಅಂದರೆ ಈಗಲೇ, ಹಳದಿ ಅಂದರೆ ಬೇಗ, ಹಸಿರು ಅಂದರೆ ಕಾಯಬಹುದು, ಕಪ್ಪು ಅಂದರೆ ಜೀವ ಹೋದವರು ಅಥವಾ ಉಳಿಯುವ ಆಸೆ ಇಲ್ಲದವರು. ಹೊಸಬರನ್ನು ಟ್ರಯಾಜ್ ಮೇಜಿಗೆ ಕೂರಿಸುವುದು ನಮ್ಮ ಕಡೆ ತುಂಬಾ ನಡೆಯುತ್ತದೆ, ಚೀಟಿ ಬರೆಯುವ ಕೆಲಸ ತಾನೇ ಅಂತ. ನನ್ನ ಪ್ರಕಾರ ಇಡೀ ಕ್ಯಾಜುವಲ್ಟಿಯಲ್ಲಿ ಅತಿ ಅನುಭವ ಬೇಕಾದ ಜಾಗ ಅದು. ಮೊದಲ ಮೂರು ತಿಂಗಳು ಅಲ್ಲಿ ಹಿರಿಯರ ಪಕ್ಕ ಕೂತು ನೋಡಿ, ಒಬ್ಬರೇ ಕೂರಬೇಡಿ.

4. ನಮ್ಮ ಭಾಗದ ಕೇಸುಗಳು

ಪುಸ್ತಕದಲ್ಲಿ ಎಲ್ಲವೂ ಇದೆ. ಆದರೆ ತೊಗರಿ ಬೆಳೆಯುವ ನಮ್ಮ ನೆಲದಲ್ಲಿ ಯಾವುದು ಜಾಸ್ತಿ ಬರುತ್ತದೆಯೋ ಅದನ್ನು ಮೊದಲು ಕಲಿಯಬೇಕು. ಕೆಳಗಿನ ಡೋಸ್‌ಗಳನ್ನು ಬರೆದಿರುವುದು ಡಾಕ್ಟರ್ ಏನು ಕೇಳುತ್ತಾರೆ ಅಂತ ನಿಮಗೆ ಮೊದಲೇ ತಿಳಿದಿರಲಿ ಅಂತ. ಕೊಡುವುದು ಅವರ ಆರ್ಡರ್ ಮೇಲೆಯೇ.

ಕೀಟನಾಶಕ ಕುಡಿದವರು. ಹಳ್ಳಿಯವರು "ಎಣ್ಣಿ ಕುಡ್ದಾನ್ರಿ" ಅಂದರೆ ಅದು ಹೊಲಕ್ಕೆ ಹೊಡೆಯುವ ಔಷಧಿ. ಬೆಂಗಳೂರು, ಮೈಸೂರು ಕಡೆಯಿಂದ ಬಂದವರು ಇದನ್ನು ಸಾರಾಯಿ ಅಂದುಕೊಂಡು ಹಸಿರು ಚೀಟಿ ಬರೆಯುವ ಅಪಾಯ ಇದೆ. ಬಾಟಲಿ ತಂದಿದ್ದಾರಾ ಕೇಳಿ, ತಂದಿದ್ದರೆ ಹೆಸರು ಬರೆದುಕೊಂಡು ಜೋಪಾನವಾಗಿ ಇಡಿ. ಆರ್ಗನೋಫಾಸ್ಫೇಟ್ ಜಾತಿಯದಾದರೆ ಬಾಯಲ್ಲಿ ಜೊಲ್ಲು, ಬೆವರು, ಸೂಜಿಮೊನೆಯಷ್ಟು ಸಣ್ಣ ಕಣ್ಣಪಾಪೆ, ಎದೆಯಲ್ಲಿ ಗೊರಗೊರ ಸದ್ದು ಇರುತ್ತದೆ. ಮೊದಲು ನೈಟ್ರೈಲ್ ಕೈಗವಸು ಹಾಕಿ, ಗಾಳಿ ಆಡುವ ಕಡೆ ಮಲಗಿಸಿ, ಬಟ್ಟೆ ಪೂರ್ತಿ ತೆಗೆದು, ಸೋಪು ನೀರಿನಿಂದ ಮೈ, ಕೂದಲು ತೊಳೆಯಿರಿ. ವಿಷ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ನಿಮ್ಮ ಚರ್ಮದ ಮೂಲಕವೂ.

ಈ ವಿಷಕ್ಕೆ ಕೊಡುವ ಮದ್ದು ಅಟ್ರೋಪಿನ್. ಹೊಸಬರು ಗಾಬರಿಯಾಗುವುದು ಅದರ ಪ್ರಮಾಣ ನೋಡಿ. ಮಾಮೂಲಿ ಆಂಪ್ಯೂಲಿನಲ್ಲಿ 0.6 ಮಿಲಿಗ್ರಾಂ ಇರುತ್ತದೆ. ಇಲ್ಲಿ 1.8ರಿಂದ 3 ಮಿಲಿಗ್ರಾಂನಿಂದ ಶುರು ಮಾಡಿ, ಫಲ ಕಾಣದಿದ್ದರೆ ಐದೈದು ನಿಮಿಷಕ್ಕೆ ದುಪ್ಪಟ್ಟು ಮಾಡುತ್ತಾ ಹೋಗುತ್ತಾರೆ. ಅಂದರೆ ಮೊದಲ ಅರ್ಧ ಗಂಟೆಯಲ್ಲೇ ಒಬ್ಬರು ಬರೀ ಆಂಪ್ಯೂಲ್ ಒಡೆಯಲು ಬೇಕಾಗಬಹುದು. ಎದೆ ಸ್ವಚ್ಛವಾಗಬೇಕು, ನಾಡಿ 80 ದಾಟಬೇಕು, ಮೇಲಿನ ಬಿಪಿ 80 ದಾಟಬೇಕು, ಕಂಕುಳು ಒಣಗಬೇಕು. ಅಲ್ಲಿಯವರೆಗೆ ಐದು ನಿಮಿಷಕ್ಕೊಮ್ಮೆ ಸ್ಟೆತೋಸ್ಕೋಪ್ ಇಟ್ಟು ಕೇಳಿ, ಬರೆಯಿರಿ. ಮೈ ಬಿಸಿಯಾಗಿ, ಏನೇನೋ ಮಾತಾಡುತ್ತಾ, ಹೊಟ್ಟೆಯ ಸದ್ದು ನಿಂತರೆ ಅಟ್ರೋಪಿನ್ ಜಾಸ್ತಿ ಆಗಿದೆ ಅಂತ ಡಾಕ್ಟರಿಗೆ ತಿಳಿಸಿ.

ಇನ್ನೊಂದು ಸಂಗತಿ ಇದೆ, ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ರೋಗಿ ಚೇತರಿಸಿಕೊಂಡ ಅಂತ ಎಲ್ಲರೂ ನಿರಾಳವಾದ ಮೇಲೆ, 24ರಿಂದ 96 ಗಂಟೆಯೊಳಗೆ ಉಸಿರಾಟದ ಸ್ನಾಯು ಸೋಲಬಹುದು. ಶಿಫ್ಟಿಗೆ ಕೆಲವು ಸಲ "ತಲೆ ದಿಂಬಿನಿಂದ ಮೇಲಕ್ಕೆ ಎತ್ತಿ" ಅಂತ ಹೇಳಿ ನೋಡಿ. ಎತ್ತಲು ಆಗದಿದ್ದರೆ ಆಗಲೇ ಡಾಕ್ಟರನ್ನು ಕರೆಯಿರಿ, ಆಕ್ಸಿಜನ್ ಮಟ್ಟ ಇಳಿಯಲಿ ಅಂತ ಕಾಯಬೇಡಿ.

ತಾನಾಗಿ ಕುಡಿದವರನ್ನು ಬೈಯಬೇಡಿ. ಒಬ್ಬರನ್ನೇ ಬಿಟ್ಟೂ ಹೋಗಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಅಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಅಂತಲೇ ಪರಿಗಣಿಸುತ್ತದೆ. ಮನೆಗೆ ಹೋಗುವಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಡಿ.

ಹಾವು ಕಡಿತ. ಉಂಗುರ, ಬಳೆ, ಕಾಲುಂಗುರ, ಗೆಜ್ಜೆ ಮೊದಲು ತೆಗೆಯಿರಿ, ಬಾವು ಬಂದ ಮೇಲೆ ಕತ್ತರಿಸಬೇಕಾಗುತ್ತದೆ. ಬಿಗಿಯಾಗಿ ಹಗ್ಗ, ಬಟ್ಟೆ ಕಟ್ಟಿಕೊಂಡು ಬಂದಿದ್ದರೆ ತಟ್ಟನೆ ಬಿಚ್ಚಬೇಡಿ. ಡಾಕ್ಟರ್ ಬಂದು, ಔಷಧಿ ಸಿದ್ಧವಾದ ಮೇಲೆ ಬಿಚ್ಚುವುದು.

20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ನರ್ಸ್‌ಗಳ ಕೈಯಲ್ಲೇ ಕೆಡುವುದು ಜಾಸ್ತಿ. ಹೊಸದಾದ, ಒಣಗಿದ ಗಾಜಿನ ಟೆಸ್ಟ್ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಮ್ಮೆ ಮಾತ್ರ ಬಾಗಿಸಿ ನೋಡಬೇಕು. ನಡುವೆ ಎತ್ತೆತ್ತಿ ನೋಡಿದರೆ ಫಲಿತಾಂಶ ತಪ್ಪಾಗುತ್ತದೆ. ಪ್ಲಾಸ್ಟಿಕ್ ಟ್ಯೂಬ್, ಸಿರಿಂಜ್, ಸೋಪಿನಲ್ಲಿ ತೊಳೆದ ಗಾಜು ಇವ್ಯಾವುದರಲ್ಲೂ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ವಿಷ ಇಲ್ಲದಿದ್ದರೂ ಇದೆ ಅನಿಸುತ್ತದೆ.

ನಮ್ಮಲ್ಲಿ ಸಿಗುವ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು, ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಸಾಮಾನ್ಯವಾಗಿ 10 ವಯಲ್‌ನಿಂದ ಶುರು. ಮಕ್ಕಳಿಗೂ ಅಷ್ಟೇ, ಯಾಕಂದ್ರೆ ಹಾವು ಬಿಟ್ಟ ವಿಷದ ಪ್ರಮಾಣ ಮಗುವಿನ ತೂಕ ನೋಡಿ ಕಡಿಮೆ ಆಗುವುದಿಲ್ಲ. ಪುಡಿ ಕರಗಿಸುವಾಗ ಜೋರಾಗಿ ಕುಲುಕಬೇಡಿ, ನೊರೆ ಬರುತ್ತದೆ. ನಿಧಾನಕ್ಕೆ ತಿರುಗಿಸಿ. ಡ್ರಿಪ್ ಹಚ್ಚುವ ಮೊದಲೇ ಅಡ್ರಿನಲಿನ್ 0.5 ಮಿಲಿಗ್ರಾಂ (ಇದು ದೊಡ್ಡವರ ಡೋಸ್) ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲಿ ಇಡಿ. ಮೈಯೆಲ್ಲ ತುರಿಕೆ, ದದ್ದು, ಉಸಿರು ಕಟ್ಟುವುದು ಶುರುವಾದರೆ ಡ್ರಿಪ್ ನಿಲ್ಲಿಸಿ ಡಾಕ್ಟರನ್ನು ಕರೆಯಿರಿ.

ಕಟ್ಟುಹಾವಿನದು ಬೇರೆಯೇ ಕತೆ. ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಎತ್ತಲು ಆಗುತ್ತಿಲ್ಲ ಅಂತ ಬರುತ್ತಾರೆ. ಕಚ್ಚಿದ ಗುರುತೇ ಕಾಣದಿರಬಹುದು. ಇಂಥವರಿಗೆ ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಕೂರಿಸಬೇಡಿ, ಎಲ್ಲಿ ಮಲಗಿದ್ದಿರಿ ಅಂತ ಕೇಳಿ. ಇನ್ನೊಂದು, ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಕೇಸನ್ನೂ ಆರೋಗ್ಯ ಇಲಾಖೆಗೆ ವರದಿ ಮಾಡುವುದು ಕಡ್ಡಾಯ. ಆ ಫಾರ್ಮ್ ನಿಮ್ಮಲ್ಲಿ ಯಾರು ತುಂಬುತ್ತಾರೆ ತಿಳಿದುಕೊಳ್ಳಿ.

ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಿಸಿಲು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಮೈ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿ ಪ್ರಜ್ಞೆ ಏರುಪೇರಾಗಿದ್ದರೆ ಅದು ಹೀಟ್ ಸ್ಟ್ರೋಕ್. ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ. ಬಟ್ಟೆ ತೆಗೆದು, ನೀರು ಚಿಮುಕಿಸಿ, ಫ್ಯಾನ್ ಹಚ್ಚಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ. ಐಸ್ ಎಲ್ಲಿ ಸಿಗುತ್ತದೆ ಅಂತ ಮಾರ್ಚ್ ತಿಂಗಳಲ್ಲೇ ನೋಡಿಕೊಂಡಿರಿ.

ಹುಮನಾಬಾದ್ ಹೆದ್ದಾರಿಯ ಅಪಘಾತ, ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯ ಗಾಯ ಇವು ಪುಸ್ತಕದಲ್ಲಿ ಇದ್ದ ಹಾಗೆಯೇ. ಕುತ್ತಿಗೆ ಅಲುಗದಂತೆ ಹಿಡಿಯುವುದು, ನಾಲ್ಕು ಜನ ಸೇರಿ ಒಟ್ಟಿಗೆ ಹೊರಳಿಸುವುದು, ಇವನ್ನು ಖಾಲಿ ಹೊತ್ತಿನಲ್ಲಿ ನಿಮ್ಮ ನಿಮ್ಮಲ್ಲೇ ಒಬ್ಬರನ್ನು ಮಲಗಿಸಿ ಅಭ್ಯಾಸ ಮಾಡಿ.

5. ಎಂಎಲ್‌ಸಿ, ಪೊಲೀಸ್, ಗುಂಪು

ಎಂಎಲ್‌ಸಿ ಅಂದರೆ ಕಾನೂನಿಗೆ ಸಂಬಂಧಪಟ್ಟ ಕೇಸು: ಅಪಘಾತ, ಹೊಡೆದಾಟ, ವಿಷ, ಸುಟ್ಟಗಾಯ, ಅನುಮಾನದ ಸಾವು. ಚಿಕಿತ್ಸೆ ಮೊದಲು, ಕಾಗದ ಆಮೇಲೆ. ಪೊಲೀಸರು ಬಂದಿಲ್ಲ ಅಂತ ಯಾರನ್ನೂ ಕಾಯಿಸುವಂತಿಲ್ಲ. ಏನಾಯಿತು ಅನ್ನುವುದನ್ನು ರೋಗಿ ಅಥವಾ ಕರೆತಂದವರು ಹೇಳಿದ ಹಾಗೆ ಬರೆಯಿರಿ, ನಿಮ್ಮ ಊಹೆ ಸೇರಿಸಬೇಡಿ. "ಗಂಡ ಹೊಡೆದ ಗಾಯ" ಅಂತ ಬರೆಯುವುದಕ್ಕೂ "ಗಂಡ ಹೊಡೆದನೆಂದು ರೋಗಿ ಹೇಳಿದ್ದಾರೆ" ಅಂತ ಬರೆಯುವುದಕ್ಕೂ ಕೋರ್ಟಿನಲ್ಲಿ ತುಂಬಾ ವ್ಯತ್ಯಾಸ ಇದೆ. ಬಟ್ಟೆ, ಹೊಟ್ಟೆ ತೊಳೆದ ನೀರು ಎಸೆಯಬೇಡಿ. ತಪ್ಪಿದ್ದನ್ನು ಒಂದೇ ಗೆರೆ ಎಳೆದು ಸಹಿ ಹಾಕಿ, ವೈಟ್ನರ್ ಮುಟ್ಟಬೇಡಿ.

ಅತ್ಯಾಚಾರ, ಆಸಿಡ್ ದಾಳಿಗೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳು ಕೂಡಲೇ ಉಚಿತ ಚಿಕಿತ್ಸೆ ಕೊಡಲೇಬೇಕು. ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್. ಸಂತ್ರಸ್ತರು 18 ವರ್ಷದೊಳಗಿನವರಾದರೆ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ, ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ಭಾಷೆ. ಇಲ್ಲಿ ಕನ್ನಡದ ಜೊತೆ ದಖನಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಎಲ್ಲ ಬರುತ್ತವೆ. "ಎಲ್ಲಿ ನೋವು", "ಯಾವಾಗಿನಿಂದ", "ಏನು ಕುಡಿದರು" ಈ ಮೂರನ್ನಾದರೂ ಎಲ್ಲದರಲ್ಲೂ ಕಲಿಯಿರಿ. ಆಯಾಗಳು, ವಾರ್ಡ್ ಬಾಯ್‌ಗಳು ಒಂದು ಮಧ್ಯಾಹ್ನದಲ್ಲಿ ಕಲಿಸಿಕೊಡುತ್ತಾರೆ.

ಗುಂಪು ಸಿಟ್ಟಾದಾಗ ವಾದಕ್ಕೆ ಇಳಿಯಬೇಡಿ. ನಿಮ್ಮ ಬೆನ್ನ ಹಿಂದೆ ಹೊರಹೋಗುವ ದಾರಿ ಇರಲಿ, ಸೆಕ್ಯುರಿಟಿಯನ್ನು ಬೇಗ ಕರೆಯಿರಿ. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆಗೆ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ. ಆದರೆ ದೂರು ಕೊಡಲು ನಿಮ್ಮ ಮೇಲಿನವರು ಜೊತೆಗೆ ಬರಬೇಕು. ಬರುತ್ತಾರಾ ಅಂತ ಹಳಬರನ್ನು ಕೇಳಿದರೆ ಗೊತ್ತಾಗುತ್ತದೆ.

6. ಪಟ್ಟಿ, ಸಹಿ, ಒಬ್ಬರೇ ನಿಲ್ಲುವ ದಿನ

ಆಸ್ಪತ್ರೆಯವರು ಪಟ್ಟಿ ಕೊಡದಿದ್ದರೆ ನೀವೇ ಒಂದು ನೋಟ್‌ಬುಕ್ ಮಾಡಿ. ಕೆಲಸದ ಹೆಸರು, ಅದರ ಮುಂದೆ ಮೂರು ಖಾನೆ: ನೋಡಿದ್ದು, ಜೊತೆಯಲ್ಲಿ ಮಾಡಿದ್ದು, ಹಿರಿಯರು ನೋಡುತ್ತಿರುವಾಗ ನಾನೇ ಮಾಡಿದ್ದು. ಮೂರನೇ ಖಾನೆಗೆ ತಾರೀಖು, ಪ್ರಿಸೆಪ್ಟರ್ ಸಹಿ ಬೇಕು. ರೋಗಿಯ ಹೆಸರು ಬರೆಯಬೇಡಿ.

ಈ ಅವಧಿಯಲ್ಲಿ ಕೆಲವಾದರೂ ನೈಟ್ ಡ್ಯೂಟಿ ಪ್ರಿಸೆಪ್ಟರ್ ಜೊತೆ ಮಾಡಲೇಬೇಕು. ಹಗಲಿನ ಕ್ಯಾಜುವಲ್ಟಿ ಮಾತ್ರ ನೋಡಿ ಮೊದಲ ರಾತ್ರಿಯೇ ಒಬ್ಬರೇ ನಿಂತರೆ ಲ್ಯಾಬ್, ರಕ್ತನಿಧಿ, ಸ್ಕ್ಯಾನ್ ಯಾವುದೂ ನೀವು ಅಂದುಕೊಂಡ ಹಾಗೆ ಓಡುವುದಿಲ್ಲ.

ಪಟ್ಟಿ ಅರ್ಧ ಖಾಲಿ ಇರುವಾಗಲೇ ಬೆಡ್ ಕೊಟ್ಟರೆ ಸುಮ್ನೆ ಇರಬೇಡಿ. ಜಗಳವೂ ಬೇಡ. ಇನ್‌ಚಾರ್ಜ್ ಹತ್ತಿರ ಹೋಗಿ ಯಾವ ಕೆಲಸ ಅಂತ ಹೆಸರಿಟ್ಟು ಹೇಳಿ: "ಸಿಸ್ಟರ್, ವೆಂಟಿಲೇಟರ್ ಪೇಶಂಟ್ ನಾನು ಇನ್ನೂ ಒಬ್ಬಳೇ ನೋಡಿಲ್ರಿ. ಇವತ್ತು ನನ್ನ ಜೊತಿಗೆ ಯಾರನ್ನಾದ್ರೂ ಹಾಕ್ರಿ." "ನನಗೆ ಭಯ" ಅಂದರೆ ಎಲ್ಲರಿಗೂ ಮೊದಲು ಹಾಗೇ ಆಗುತ್ತದೆ ಅಂತ ಕಳಿಸುತ್ತಾರೆ. ಕೆಲಸದ ಹೆಸರು ಹೇಳಿದರೆ ಉತ್ತರ ಕೊಡಬೇಕಾಗುತ್ತದೆ. ಮತ್ತೆ ಮತ್ತೆ ಆದರೆ ಬರೆದು ಕೊಟ್ಟು, ಒಂದು ಪ್ರತಿ ಇಟ್ಟುಕೊಳ್ಳಿ.

ಶಿಫ್ಟ್ ಒಪ್ಪಿಸುವಾಗಲೂ ಒಂದು ಕ್ರಮ ಇರಲಿ: ಯಾರು, ಯಾಕೆ ಬಂದರು, ಹಿಂದಿನ ಕಾಯಿಲೆ ಏನು, ಈಗ ಹೇಗಿದ್ದಾರೆ, ಮುಂದೆ ಏನು ಆಗಬೇಕು. ಬೆಡ್ಡಿನ ಪಕ್ಕ ನಿಂತು ಹೇಳಿ, ಕೌಂಟರಿನಲ್ಲಿ ಅಲ್ಲ.

7. ಸೂಜಿ ಚುಚ್ಚಿದರೆ, ಮುಂದಿನ ಕೋರ್ಸ್ ಯಾವುದು

ಬಳಸಿದ ಸೂಜಿ ಚುಚ್ಚಿದರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆಯಿರಿ, ಮುಚ್ಚಿಡದೆ ತಿಳಿಸಿ. ಎಚ್‌ಐವಿ ತಡೆಯುವ ಔಷಧಿ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಒಟ್ಟು 28 ದಿನ ತೆಗೆದುಕೊಳ್ಳಬೇಕು. ನಿಮ್ಮ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರಕ್ಕೆ ಹೋಗಿ. ಬೈಯುತ್ತಾರೆ ಅಂತ ಹೆದರಿ ಮೂರು ದಿನ ಸುಮ್ಮನಿದ್ದರೆ ಆಮೇಲೆ ಯಾರೂ ಏನೂ ಮಾಡಲಾಗದು.

ಎಸಿಎಲ್‌ಎಸ್ ಅಂದರೆ ಬಿಎಲ್‌ಎಸ್ ಮುಂದಿನ ಹಂತ: ಇಸಿಜಿ ಓದುವುದು, ಶಾಕ್, ಔಷಧಿ ಎಲ್ಲ ಇರುತ್ತದೆ. ಸೇರಿದ ವಾರವೇ ಮಾಡಲು ಓಡಬೇಡಿ. ಮೂರನೇ ತಿಂಗಳ ನಂತರ ಹೋದರೆ ಅಲ್ಲಿ ಹೇಳಿದ್ದು ತಲೆಗೆ ಹೋಗುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ ಕಾರ್ಡ್ ಎರಡು ವರ್ಷ ನಡೆಯುತ್ತದೆ. ಇದೇ ಕ್ಷೇತ್ರದಲ್ಲಿ ಮುಂದೆ ಹೋಗುವ ಮನಸ್ಸಿದ್ದರೆ ತುರ್ತು ಮತ್ತು ವಿಪತ್ತು ಶುಶ್ರೂಷೆಯಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಕೋರ್ಸಿನ ಫೀಸು ಆಸ್ಪತ್ರೆಯವರೇ ಕಟ್ಟುತ್ತೇವೆ ಅಂದರೆ, ಅದಕ್ಕೆ ಬದಲಾಗಿ ಎಷ್ಟು ವರ್ಷ ಅಲ್ಲೇ ಇರಬೇಕು ಅಂತ ಕರಾರಿನಲ್ಲಿ ಬರೆದಿದ್ದಾರೆ ಓದಿ ನೋಡಿ, ಆಮೇಲೆ ಸಹಿ ಹಾಕಿ.